ಕಾಲಿಗೆ ಬುದ್ಧಿ

ಐವತ್ತಮೂರನೆಯ ವಯಸ್ಸಿನಲ್ಲಿ
ಕಾಲಿಗೆ ಬುದ್ಧಿ ಹೇಳುತ್ತಿದ್ದೇನೆ.
ನಿಧಾನವಾಗಿ ಕಲಿಯುತ್ತಿವೆ.
ಎಡ ಮಂಡಿ ಹಳೇ ಕದದಂತೆ ಕಿರಗುಟ್ಟುತ್ತದೆ,
ಗ್ರಿಮ್ಸ್‌ಬಿಯ ಗಾಳಿ ಹಂಬರ್ ನದಿಯ ಬಾಯಿಂದ
ಉಪ್ಪು, ಡೀಸೆಲ್, ಮೀನುವಾಸನೆ
ಮೂರನ್ನೂ ಕಲಸಿ ಮುಖಕ್ಕೆ ರಾಚುತ್ತದೆ.
ಹಡಗುಕಟ್ಟೆಯ ಇಟ್ಟಿಗೆ ಗೋಪುರ ಮುಟ್ಟಿ
ವಾಪಸು ಬರುವಷ್ಟರಲ್ಲಿ ಅಮ್ಮ ಎದ್ದಿರುತ್ತಾಳೆ,
ಅಡುಗೆಮನೆಯಲ್ಲಿ, ಕೋಟು ತೊಟ್ಟು, ಬರಿಗಾಲಲ್ಲಿ.

"ಯಾರು ಅಟ್ಟಿಸಿಕೊಂಡು ಬಂದರು ನಿನ್ನ, ಮ್ಯಾವಿಸ್?"

ಮ್ಯಾವಿಸ್ ಅವಳ ತಂಗಿ. ಹೋಗಿ ಹತ್ತೊಂಬತ್ತು ವರ್ಷ.
ನಾನು ಥೆಲ್ಮಾ.
ಮೊದಮೊದಲು ತಿದ್ದುತ್ತಿದ್ದೆ. ತಿದ್ದಿದಾಗಲೆಲ್ಲ
ಮ್ಯಾವಿಸ್ ಹೊಸದಾಗಿ ಸಾಯುತ್ತಿದ್ದಳು.

"ಯಾರೂ ಇಲ್ಲ, ಡೋರೀನ್. ಓಟಕ್ಕೆ ತಯಾರಿ.
ಹತ್ತು ಮೈಲಿ. ದುಡ್ಡು ಕೂಡಿಸುತ್ತಿದ್ದೇನೆ."
"ಯಾರಿಗೆ?"
"ಮರೆವಿನ ಕಾಯಿಲೆಗೆ ಮದ್ದು ಹುಡುಕುವವರಿಗೆ.
ಒಬ್ಬ ಹೆಂಗಸಿದ್ದಾಳೆ. ಮಗಳ ಹೆಸರೂ ನೆನಪಿಲ್ಲ."
"ಅಯ್ಯೋ, ಪಾಪ," ಎನ್ನುತ್ತಾಳೆ ಅಮ್ಮ,
ನಿಜವಾಗಿಯೂ ಕಣ್ಣು ತುಂಬಿ.
"ಪಾಪ, ಆ ಮಗಳು."
ಕೋಟಿನ ಜೇಬಿನಿಂದ ಪರ್ಸು,
ಪರ್ಸಿನಿಂದ ಹನ್ನೆರಡು ಮೂಲೆಯ ಒಂದು ಪೌಂಡು
ನನ್ನ ಬೆವರಿದ ಅಂಗೈಗೆ ಒತ್ತುತ್ತಾಳೆ.
"ನನ್ನ ಹೆಸರು ಬರೀಬೇಡ. ಇರಲಿ."

ಮೂವತ್ತೊಂದು ವರ್ಷ ಮೀನು ಸೀಳಿದ ಕೈ.
ಮಂಜುಗಡ್ಡೆಯಿಂದೆದ್ದ ಹ್ಯಾಡಕ್, ಎರಡೇ ಗೀಟು,
ಮುಳ್ಳಿನ ಹಂದರ ಇಡಿಯಾಗಿ ಆಚೆ.
ಈಗ ಅವಳೊಳಗೆ ಯಾರೋ ಹೊಸ ಹುಡುಗ ಚೂರಿ ಹಿಡಿದಿದ್ದಾನೆ,
ಕೆಲಸ ಬಾರದವನು.
ತಂಗಿಯನ್ನು ಉಳಿಸಿ ಮಗಳನ್ನು ಕೊಯ್ದಿದ್ದಾನೆ,
ಚಹಾಕ್ಕೆ ಎಷ್ಟು ಸಕ್ಕರೆಯೆಂಬುದನ್ನು ಬಿಸುಟು
ಕಾರ್ಖಾನೆಯ ಹಾಜರಿ ನಂಬರನ್ನು ಹಾಗೇ ಬಿಟ್ಟಿದ್ದಾನೆ.
ಇನ್ನೂರ ಏಳು. ಕೇಳಿದರೆ ಥಟ್ಟನೆ ಹೇಳುತ್ತಾಳೆ.

ಕಾಲಿಗೂ ನೆನಪಿದೆ.
ಕಳೆದ ಚಳಿಗಾಲ, ಬೆಳಗಿನ ಜಾವ ನಾಲ್ಕಕ್ಕೆ,
ರಾತ್ರಿಯಂಗಿಯ ಮೇಲೆ ಕೋಟು ತೊಟ್ಟು
ಪಾಳಿಗೆ ತಡವಾಯಿತೆಂದು ಹೊರಟೇಬಿಟ್ಟಿದ್ದಳು.
ಮೀನುಪೇಟೆಯ ತಿರುವಿನವರೆಗೆ
ಒಂದು ತಪ್ಪು ಹೆಜ್ಜೆಯಿಲ್ಲ.
ನನ್ನ ಬದುಕಿನಲ್ಲಿ ನಾನು ಮೊದಲು ಓಡಿದ್ದು ಅವತ್ತು.

ಚಂದಾ ಪಟ್ಟಿ ಫ್ರಿಜ್ಜಿನ ಮೇಲಿದೆ.
ಚಿಪ್ಸ್ ಅಂಗಡಿಯ ಸ್ಟೆಲಿಯೊಸ್ ಇಪ್ಪತ್ತು,
ಬಸ್ ಡಿಪೋದ ನಮ್ಮ ರಾತ್ರಿ ಪಾಳಿ ಸೇರಿ ಅರವತ್ತೆರಡು,
ಪಕ್ಕದ ಮನೆಯ ಕೀಯನ್
ಹಲ್ಲು ಬಿದ್ದಾಗ ಸಿಕ್ಕಿದ ಐವತ್ತು ಪೆನ್ನಿ.
ಅಮ್ಮನದು?
ರಾತ್ರಿ ಅವಳು ಮಲಗಿದ ಮೇಲೆ
ಆ ನಾಣ್ಯವನ್ನು ತಿರುಗಿ ಪರ್ಸಿಗೆ ಹಾಕುತ್ತೇನೆ.
ಬೆಳಿಗ್ಗೆ ಕೊಡುವುದಕ್ಕೆ ಅವಳ ಹತ್ತಿರ ಏನಾದರೂ ಇರಬೇಕಲ್ಲ.
ನಲವತ್ತನಾಲ್ಕು ಬೆಳಗು, ಒಂದೇ ಪೌಂಡು.
ಲೆಕ್ಕ ಬಲ್ಲವರು ಒಪ್ಪಲಾರರು.
ನಲವತ್ತನಾಲ್ಕು ಎಂದೇ ಬರೆದೆ,
ಹೆಸರಿನ ಜಾಗ ಖಾಲಿ ಬಿಟ್ಟು,
ಉಳಿದದ್ದನ್ನು ಸಂಬಳದಿಂದ ತುಂಬಿದೆ.

ಓಟದ ದಿನ ಕ್ಲೀಥೋರ್ಪ್ಸ್ ದಂಡೆಯ ಮೇಲೆ
ಎದೆಗೆ ನಂಬರು, ಬೆನ್ನಿಗೆ ಹೆಸರು.
"ಅಪ್ಪನಿಗೆ." "ಐರಿಸ್ ಅಜ್ಜಿಗೆ." "ನಮ್ಮ ವಿನ್ನಿಗೆ."
ಮುಂದಿನವರ ಬೆನ್ನು ಓದುತ್ತ ಓಡಿದೆ.
ಆರನೆಯ ಮೈಲಿಗೆ ಓದುವುದೂ ಸಾಕಾಯಿತು,
ಎಲ್ಲರೂ ನನ್ನನ್ನು ದಾಟಿ ಹೋಗಿದ್ದರು.
ಕಡಲೂ ಇಳಿದು ಹೋಗಿತ್ತು, ಎಷ್ಟು ದೂರವೆಂದರೆ
ಬರೀ ಕೆಸರು, ಹಕ್ಕಿಗಳ ಹೆಜ್ಜೆ,
ಅಲ್ಲೊಂದು ಕಡಲಿತ್ತೆಂದು ಯಾರಾದರೂ ಹೇಳಬೇಕು.
ಮುಷ್ಟಿಯಲ್ಲಿ ನಾಣ್ಯವಿತ್ತು.
ಬಿಗಿಹಿಡಿದು ಹಿಡಿದು ಬೆರಳು ಮರಗಟ್ಟಿತ್ತು.

ಮನೆಗೆ ಬಂದು ಅಂಗೈ ಬಿಚ್ಚಿದರೆ
ಹನ್ನೆರಡು ಮೂಲೆಯೂ ಚರ್ಮದಲ್ಲಿ ಮೂಡಿದ್ದವು.
"ಎಲ್ಲಿ ಸಿಕ್ಕಿತು?" ಅಮ್ಮ ಕೇಳಿದಳು.
"ಒಬ್ಬ ಹೆಂಗಸು ಕೊಟ್ಟಳು."
"ಒಳ್ಳೆಯವಳಿರಬೇಕು. ಹೆಸರೇನಂತೆ?"
"ಬರೀಬೇಡ ಅಂದಳು."
ಅಮ್ಮ ತಲೆದೂಗಿದಳು, ಅದು ಸರಿಯೆನ್ನುವಂತೆ.
ಆಮೇಲೆ ನನ್ನ ಒದ್ದೆ ಬೂಟು ನೋಡಿ ಗದರಿದಳು:
"ನಿಂತೇ ಇದ್ದೀಯಲ್ಲ. ಬಾಗಿಲು ಹಾಕು,
ಮನೆಯ ಬಿಸಿಯೆಲ್ಲ ಹೊರಗೆ ಹೋಗ್ತಿದೆ."